ರಿಬ್ಬನ್ ಕಟ್ಟಬೇಕಿದ್ದ ಪೆಟ್ಟಿಗೆಯಲ್ಲಿ ಎರಡು ಸೋಪು

ಪೆಟ್ಟಿಗೆಯಲ್ಲಿ ಕ್ಯಾಮೆರಾ ಇರಲಿಲ್ಲ. ಹಳೇ ಟವೆಲಿನಲ್ಲಿ ಸುತ್ತಿದ ಎರಡು ಬಟ್ಟೆ ಸೋಪು ಇದ್ದವು!

ಗುಬ್ಬಿ ಟವೆಲನ್ನು ಇನ್ನೊಮ್ಮೆ ಕೊಡವಿ ನೋಡಿದಳು. ಒಂದೆಡೆ ಕೂತು ಗೊತ್ತಿಲ್ಲದವಳೆಂದು ಮನೆಯವರು ಇಟ್ಟ ಹೆಸರು ಅದು. ಮೂವತ್ತು ದಾಟಿದರೂ ಬಿಟ್ಟಿರಲಿಲ್ಲ. ಈಗ ಮಾತ್ರ ರಿಬ್ಬನ್ ಹಿಡಿದುಕೊಂಡು ಗರಬಡಿದವಳಂತೆ ಮಂಚದ ಮೇಲೆ ಕೂತುಬಿಟ್ಟಳು.

ಗಂಟೆ ಎರಡು. ನಾಲ್ಕಕ್ಕೆ ಚಹಾ. ವರ್ಷದ ಕೊನೆಯ ರಜೆಗೆ ಎಲ್ಲರೂ ಸೇರಿದಾಗ ಚಹಾದ ಹೊತ್ತಿಗೆ ಉಡುಗೊರೆ ಕೊಡುವುದು ಆ ಮನೆಯ ವಾಡಿಕೆ. ಅಪ್ಪ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ಫೋಟೋ ಹುಚ್ಚಿನವರಿಗೆ ಏನು ಕೊಡಬಹುದೆಂದು ತಲೆ ಕೆರೆದುಕೊಳ್ಳುವವರು ಈ ಮನೆಗೆ ಬಂದು ನೋಡಿದರೆ ಸಾಕು—ಲೆನ್ಸಿನಂಥ ಲೋಟ, ಟ್ರೈಪಾಡು, ಚರ್ಮದ ಪಟ್ಟಿ, ಕ್ಯಾಮೆರಾ ಚಿತ್ರದ ದಿಂಬು, ಎಲ್ಲ ಕೊಟ್ಟಾಗಿತ್ತು. ಅಮ್ಮನಿಗೆ ಪ್ರತಿ ಸಲ ಒಂದು ಶಾಲೋ ಕುಕ್ಕರೋ.

ಈ ವರ್ಷ ಗುಬ್ಬಿ ಹಟ ಹಿಡಿದಿದ್ದಳು. ಹನ್ನೆರಡು ವರ್ಷದ ಹಿಂದೆ ಸ್ಟುಡಿಯೋ ಮುಚ್ಚಿದ ದಿನ ಅಪ್ಪ ಮಾರಿದ ಅದೇ ಕ್ಯಾಮೆರಾವನ್ನು ಎಂಟು ತಿಂಗಳು ಹುಡುಕಿ, ಕೊಂಡವರ ಗಾಜಿನ ಕಪಾಟಿನಿಂದ ಬಿಡಿಸಿ ತಂದಿದ್ದಳು. ಅದರ ಮಾತು ಬಂದರೆ ಅಪ್ಪ ಇವತ್ತಿಗೂ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದರು. ಅದನ್ನು ಅವರ ಕೈಗಿಟ್ಟು ಮುಖ ನೋಡಬೇಕೆಂಬುದೊಂದೇ ಅವಳ ಆಸೆ. ಕೈಗೆ ಬಂದ ತುತ್ತು ಬಾಯಿಗಿಲ್ಲ!

ಸೋಪು ಎತ್ತಿಕೊಂಡು ಅವಳು ಓಡಿದ್ದು ಅತ್ತಿಗೆಯ ಹತ್ತಿರ. ಅತ್ತಿಗೆ ವಿಮಾ ಕಂಪನಿಯಲ್ಲಿ ನಷ್ಟದ ತನಿಖೆ ಮಾಡುವವಳು, ಸುಟ್ಟ ಗೋದಾಮಿನ ಬೂದಿಯಿಂದಲೂ ಸುಳ್ಳು ಹೆಕ್ಕುವವಳು. ಮಗುವನ್ನು ತೊಡೆಯ ಮೇಲೆ ತಟ್ಟುತ್ತಲೇ ಕೇಳಿದಳು.

“ಕೊನೇ ಸಲ ನೋಡಿದ್ದು ಯಾವಾಗ?”

“ನಿನ್ನೆ ರಾತ್ರಿ. ಒಂದು ವಾರದಿಂದ ನನ್ನ ಬೀರುವಿನ ಮೇಲಿನ ಅರೇಲೇ ಇತ್ತು.”

“ಬೆಳಿಗ್ಗೆ ನಾವಿಬ್ರೂ ಮಗು ಕರ್ಕೊಂಡು ರಿಬ್ಬನ್ ತರೋಕೆ ಹೋದ್ವಿ. ಮನೇಲಿದ್ದವರು?”

“ಅಣ್ಣ, ಅಮ್ಮ. ಅಪ್ಪ ವಾಕಿಂಗ್ ಮುಗಿಸಿ ಹತ್ತಕ್ಕೆ ಬಂದ್ರು.”

“ನಿನಗೆ ಯಾರ ಮೇಲೆ ಅನುಮಾನ?”

“ನಿನ್ನ ಗಂಡನ ಮೇಲೆ.”

“ನನಗೂ ಯಾವಾಗ್ಲೂ ಅವರ ಮೇಲೇ. ಕರಿ.”

ಅಣ್ಣ ತಲೆ ಕೆರೆಯುತ್ತ ಬಂದ. ಫೋನಿನ ಚಿತ್ರಗಳನ್ನು ಅಚ್ಚು ಹಾಕುವ ಅಂಗೈಯಗಲದ ಪ್ರಿಂಟರೊಂದನ್ನು ಅಪ್ಪನಿಗೆ ತಂದಿದ್ದ. ಗುಬ್ಬಿಯ ಕ್ಯಾಮೆರಾವನ್ನು ‘ಹಳೇ ಡಬ್ಬ’ ಎಂದು ವಾರವಿಡೀ ಕೆಣಕಿದ್ದ.

“ನಾನ್ಯಾಕೆ ಕದೀಲಿ? ಹತ್ತರವರೆಗೆ ಮಲಗಿದ್ದೆ. ಸ್ಟೋರ್ ರೂಮಿಗೆ ಕಾಲೂ ಇಟ್ಟಿಲ್ಲ!”

“ಸ್ಟೋರ್ ರೂಮಿನ ಮಾತು ಯಾರೆತ್ತಿದ್ರು?” ಎಂದಳು ಅತ್ತಿಗೆ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!” ಗುಬ್ಬಿ ಎಗರಿದಳು.

“ಅಯ್ಯೋ, ನನ್ನ ಪ್ರಿಂಟರ್ ಬಚ್ಚಿಟ್ಟಿದ್ದು ಅಲ್ಲಿ! ತರೋಕೆ ಹೋದ್ರೆ ಅಮ್ಮ ಬಿಡ್ಲಿಲ್ಲ. ಜಿರಲೆ ಔಷಧಿ ಹೊಡೆದಿದ್ದೀನಿ, ಮೂರೂವರೆವರೆಗೂ ಯಾರೂ ಬಾಗಿಲು ತೆಗೀಬೇಡಿ ಅಂದಳು.”

ಅತ್ತಿಗೆ ಮಗುವನ್ನು ಅಣ್ಣನ ಕೈಗೆ ದಾಟಿಸಿ ಎದ್ದಳು. ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಗುಟ್ಟು ರಟ್ಟಾಗಬಾರದಲ್ಲ—ಅತ್ತಿಗೆ ಬೇರೆ ದಾರಿಯಿಂದ ಬಂದಳು.

“ಮಾವ, ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಸಿಕ್ರೆ, ಒಳಗೆ ರೋಲ್ ಇದ್ಯಾ ಅಂತ ಹೇಗೆ ತಿಳ್ಕೋತೀರಿ?”

“ನಾನ್ಯಾಕೆ ತಿಳ್ಕೋಬೇಕಮ್ಮ? ಫೋಟೋ ತೆಗೆಯೋದು, ಮೇಜಿನ ಮೇಲಿಡೋದು, ಅಷ್ಟೇ ನನ್ನ ಕೆಲಸ. ಮೂವತ್ತು ವರ್ಷದಲ್ಲಿ ಒಂದು ರೋಲ್ ಬಿಚ್ಚಿದವನಲ್ಲ. ಅದೆಲ್ಲ ಒಳಗಡೆ ಆಗ್ತಿತ್ತು.”

ಗುಬ್ಬಿಗೆ ತಾಳ್ಮೆ ಮೀರಿತ್ತು. ಕ್ಯಾಮೆರಾ ಕಳೆದುಹೋಗಿರುವಾಗ ರೋಲಿನ ಪುರಾಣ ಯಾಕೆ?

ಅಡುಗೆಮನೆಯಲ್ಲಿ ಹುಳಿ ವಾಸನೆ ಅಡರಿತ್ತು. ಅಮ್ಮ ಸಿಂಕ್ ಉಜ್ಜುತ್ತಿದ್ದಳು.

“ಏನತ್ತೆ ವಾಸನೆ?”

“ವಿನೆಗರ್ ಹಾಕಿ ತೊಳೆದೆ. ಕಟ್ಕೊಂಡಿತ್ತು.”

ಕಿಟಕಿಯ ಕಟ್ಟೆಯ ಮೇಲೆ ಖಾಲಿ ಐಸ್ ತಟ್ಟೆ. ಪಕ್ಕದಲ್ಲಿ ಬಾತುಕೋಳಿಯಾಕಾರದ ಥರ್ಮಾಮೀಟರು—ಮಗುವಿನ ಸ್ನಾನದ ನೀರು ನೋಡುವುದು. ಅತ್ತಿಗೆ ಅದನ್ನೆತ್ತಿ ನೋಡಿ ಅಲ್ಲೇ ಇಟ್ಟಳು. ನಡುಮನೆಗೆ ಬಂದು, ಸ್ಟೋರ್ ರೂಮಿನ ಮುಚ್ಚಿದ ಬಾಗಿಲ ಮುಂದೆ ನಿಂತಳು. ಚೌಕಟ್ಟಿನ ಮೊಳೆಗೆ ಒಂದು ಕೈಗಡಿಯಾರ ನೇತಾಡುತ್ತಿತ್ತು. ಅದನ್ನು ಬೊಗಸೆಯಲ್ಲಿ ಮುಚ್ಚಿ, ಬೆರಳ ಸಂದಿಯಿಂದ ಇಣುಕಿದಳು.

“ಇದು ಅಮ್ಮಂದು,” ಎಂದಳು ಗುಬ್ಬಿ. “ಪಾತ್ರೆ ತೊಳೆಯೋಕೆ ಬಿಚ್ಚಿಟ್ಟಿರ್ತಾಳೆ.”

“ಹಾಗಾದ್ರೆ ಸಿಂಕ್ ಹತ್ರ ಇರ್ಬೇಕಿತ್ತು. ಇಲ್ಯಾಕೆ? ನೀನೂ ಇಣುಕು.”

ಬೊಗಸೆಯ ಕತ್ತಲಲ್ಲಿ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು.

“ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ವಿ,” ಎಂದಳು ಅತ್ತಿಗೆ. “ಅತ್ತೇ, ಸ್ವಲ್ಪ ಬನ್ನಿ. ಮಾವ, ನೀವೂ. ಇನ್ನು ಗುಟ್ಟಿಡೋಕಾಗಲ್ಲ.”

ಎಲ್ಲರೂ ಸೇರಿದರು. ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು.

“ಒಂದು ಫೋಟೋ ಲ್ಯಾಬ್ ಸುಟ್ಟ ಕೇಸಲ್ಲಿ ಕಲಿತದ್ದು ಹೇಳ್ತೀನಿ. ತೊಳೆಯದ ಫಿಲ್ಮು ಬೆಳಕು ಕಂಡ್ರೆ ಹಾಳು. ಕಗ್ಗತ್ತಲೇಲೇ ಬಿಚ್ಚಬೇಕು. ಹೊಳೆಯೋ ಗಡಿಯಾರ ಕೂಡ ಒಳಗೆ ಒಯ್ಯಬಾರದು. ಹಾಗೆ ಬಾಗಿಲಲ್ಲೇ ಬಿಚ್ಚಿ ನೇತುಹಾಕೋರು ಯಾರು? ವರ್ಷಗಟ್ಟಲೆ ಕತ್ತಲೆ ಕೋಣೇಲಿ ಕೆಲಸ ಮಾಡಿದೋರು.”

“ಥರ್ಮಾಮೀಟರು?” ಗುಬ್ಬಿ ಕೇಳಿದಳು.

“ಮಗೂಗೆ ನೆಗಡಿ, ಇವತ್ತು ಸ್ನಾನಾನೇ ಇಲ್ಲ. ಫಿಲ್ಮ್ ತೊಳೆಯೋ ದ್ರಾವಣ ಇಪ್ಪತ್ತು ಡಿಗ್ರಿಲಿರಬೇಕು. ಬಿಸಿಯಾದ್ರೆ ಐಸ್ ಬೇಕು. ಹುಳಿ ವಾಸನೆ ಆ ಔಷಧಿಗಳದ್ದು. ಜಿರಲೆ ಒಂದು ನೆಪ—ಬಾಗಿಲು ತೆಗೆದ್ರೆ ಒಣಗ್ತಿರೋ ಫಿಲ್ಮಿಗೆ ಧೂಳು ಕೂರುತ್ತೆ. ಅಲ್ವಾ ಅತ್ತೆ?”

“ಅಮ್ಮನಾ?” ಗುಬ್ಬಿಯ ಬಾಯಿ ತೆರೆದೇ ಉಳಿಯಿತು. “ಅಮ್ಮ ಸ್ಟುಡಿಯೋದಲ್ಲಿ ಸುಮ್ನೆ ಕೈ ಜೋಡಿಸ್ತಿದ್ದಳು, ಅಷ್ಟೇ ಅಲ್ವಾ?”

“ಅಷ್ಟೇನಾ!” ಎಂದರು ಅಪ್ಪ, ಪೇಪರ್ ಮಡಚಿ. “ನಾನು ತೆಗೆದ ಅರ್ಧ ಫೋಟೋ ಮನುಷ್ಯರು ನೋಡೋ ಹಾಗೆ ಮಾಡಿದ್ದೇ ಇವಳು.”

ಅಮ್ಮ ಬಾಗಿಲು ತೆರೆದಳು. ಕಪಾಟಿನಲ್ಲಿ ಕ್ಯಾಮೆರಾ. ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿದ ಉದ್ದನೆಯ ಫಿಲ್ಮು ಹಗ್ಗದಿಂದ ಇಳಿಬಿದ್ದಿತ್ತು.

“ಮೂರು ದಿನದ ಹಿಂದೆ ಬಟ್ಟೆ ಇಡೋಕೆ ಬೀರು ತೆಗೆದೆ, ಇದು ಕಂಡಿತು,” ಎಂದಳು. “ಸುತ್ತೋ ಗುಂಡಿ ತಿರುಗಿಸಿದ್ರೆ ಬಿಗಿ—ಒಳಗೆ ರೋಲ್ ಹಾಗೇ ಇದೆ! ನಾನು ತಂಗಿ ಮನೇಲಿದ್ದಾಗ ಈ ಮಹಾರಾಯರು ರೋಲ್ ಸಮೇತ ಮಾರಿಬಿಟ್ಟಿದ್ರು. ಬಿಚ್ಚೋದು ಇವರ ಕೆಲಸ ಅಲ್ವಲ್ಲ! ಫಿಲ್ಮ್ ತೊಳೆಯೋ ಪುಡಿ ತರಿಸಿದೆ. ಹಳೇ ಫಿಲ್ಮು, ಸುತ್ತಿದ್ರೆ ತುಂಡಾಗುತ್ತೆ ಅಂತ ಇವತ್ತು ಬೆಳಿಗ್ಗೆ ಕ್ಯಾಮೆರಾನೇ ಕತ್ತಲಿಗೆ ಒಯ್ದೆ, ಪೆಟ್ಟಿಗೆ ಹಗುರ ಅನ್ನಿಸಬಾರದು ಅಂತ ಸೋಪು ಇಟ್ಟೆ. ಚಹಾಕ್ಕೆ ಮುಂಚೆ ವಾಪಸ್ ಇಡೋಣ ಅಂದ್ಕೊಂಡೆ, ನೀವು ಮನೆ ತುಂಬ ಓಡಾಡ್ತಿದ್ರೆ ಹೇಗಿಡ್ಲಿ?”

ಅಪ್ಪ ಕ್ಯಾಮೆರಾ ಎತ್ತಿಕೊಂಡರು. ಮೂಗು ಒರೆಸಿಕೊಂಡು, ಫಿಲ್ಮಿನತ್ತ ಕತ್ತು ಚಾಚಿದರು. “ಏನಿದೆ ಅದರಲ್ಲಿ?”

ಕಪ್ಪು ಬಿಳುಪು ತಲೆಕೆಳಗಾದ ಆ ಚೌಕಗಳಲ್ಲಿ ಗುಬ್ಬಿಗೆ ದೆವ್ವಗಳಷ್ಟೇ ಕಂಡವು. ಅಮ್ಮ ಮಾತ್ರ ಪೇಪರ್ ಓದುವಷ್ಟು ಸಲೀಸಾಗಿ ಓದಿದಳು. “ಖಾಲಿ ಕುರ್ಚಿ. ಪರದೆ. ಬೋರ್ಡು, ಸೊಟ್ಟಗಿದೆ. ಇಲ್ಲಿ ನಾನು—ಕತ್ತಲೆ ಕೋಣೆಯಿಂದ ಹೊರಗೆ ಬರ್ತಿದ್ದೀನಿ, ಬಾಯಿ ತೆರೆದಿದ್ದೀನಿ. ಯಾರಿಗೋ ಬೈತಿದ್ದೀನಿ.”

“ನನಗೇ,” ಎಂದರು ಅಪ್ಪ ಹೆಮ್ಮೆಯಿಂದ.

ಎಲ್ಲರೂ ನಕ್ಕರು. ಗುಬ್ಬಿಗೆ ಸಂತೋಷವೂ ನಾಚಿಕೆಯೂ ಒಟ್ಟಿಗೆ ಉಕ್ಕಿ ಕಣ್ಣು ತುಂಬಿತು. ಮನೆಯಲ್ಲಿ ಇಬ್ಬರು ಫೋಟೋಗ್ರಾಫರುಗಳಿದ್ದರು; ಅವಳು ಇಷ್ಟು ವರ್ಷ ಒಬ್ಬರಿಗಷ್ಟೇ ಉಡುಗೊರೆ ಹುಡುಕಿದ್ದಳು.

“ಅಮ್ಮ, ಮುಂದಿನ ವರ್ಷ ನಿನಗೇನು ಬೇಕು? ಹೇಳು.”

ಏನೂ ಬೇಡ ಮಗಳೇ ಎನ್ನುತ್ತಾಳೆಂದುಕೊಂಡಿದ್ದಳು. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ.

“ಫೋಟೋ ದೊಡ್ಡದು ಮಾಡೋ ಎನ್ಲಾರ್ಜರು. ಮೂರು ಟ್ರೇ. ಒಂದು ಕೆಂಪು ಬಲ್ಬು,” ಎಂದು ಬೆರಳು ಮಡಚಿದಳು. “ಅದೆಲ್ಲ ಮುಂದಿನ ವರ್ಷವೇ ಆಗ್ಲಿ. ಈ ಬಾಗಿಲಿಗೆ ಒಳಗಿಂದ ಒಂದು ಚಿಲಕ ಮಾತ್ರ ಇವತ್ತೇ ಹಾಕಿಸಿಕೊಡಿ.”