ಹಾಲಿನ ಸಾಲಿನ ಗಾಯಕಿ

"ಏನ್ರೀ ಅದು? ನನ್ನ ಫೋಟೋ ತೆಗೆದ್ರಾ?!"

ಹಾಲಿನ ಅಂಗಡಿಯ ಮುಂದಿದ್ದ ಇಡೀ ಸಾಲು ತಿರುಗಿ ನೋಡಿತು. 1978ರ ಕಮ್ಯುನಿಸ್ಟ್ ಅಲ್ಬೇನಿಯಾ. ಕೋರ್ಚಾ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹೆಣಿಗೆ ಕಾರ್ಖಾನೆಯ ಪೊಲಿಕ್ಸೆನಿ ಆಗಷ್ಟೇ ಬಾಯಿ ಅಗಲಿಸಿ ಆಕಳಿಸಿದ್ದಳು. ಎದುರಿಗೆ ಕ್ಯಾಮೆರಾ ಹಿಡಿದ ಬಡಕಲು ಯುವಕ!

"ಜನಜೀವನದ ಫೋಟೋ ತೆಗೆಯೋದೇ ನನ್ನ ಕೆಲಸ, ಕಾಮ್ರೇಡ್. ಹೆಸರು ವಾಂಜೆಲ್."

"ಆಕಳಿಕೆನೂ ಜನಜೀವನಾನಾ?"

"ಈ ವಾರ ನಾನು ನೋಡಿದ ಒಂದೇ ಒಂದು ನಿಜವಾದ ಮುಖ ಅದು..."

ಅವಳು ಸಾಲಿನತ್ತ ಮುಖ ತಿರುಗಿಸಿಕೊಂಡಳು. 'ಬೇಸತ್ತ ಕಾರ್ಮಿಕೆ ಅಂತ ಪಕ್ಷದವರಿಗೆ ಕೊಟ್ಟರೆ ನನ್ನನ್ನು ಯಾವ ಕಾಡಿಗೆ ಅಟ್ಟುತ್ತಾರೋ! ಆದರೂ ಅವನ ಕಣ್ಣು... ಛೇ!'

ಹತ್ತು ದಿನ ಕಳೆಯಿತು. ಕಾರ್ಖಾನೆಯ ಪಕ್ಷದ ಕಾರ್ಯದರ್ಶಿ ಅವಳನ್ನು ಕರೆಸಿದ. ಮೇಜಿನ ಮೇಲೆ ಅದೇ ಫೋಟೋ!

'ದ್ರೋಹಿ! ಕೊಟ್ಟೇಬಿಟ್ಟ!'

"ಶಭಾಷ್ ಕಾಮ್ರೇಡ್!" ಕಾರ್ಯದರ್ಶಿ ಹಲ್ಲು ಕಿರಿದ. "ಬೆಳಬೆಳಗ್ಗೆನೇ ಹೀಗೆ ಬಾಯ್ತುಂಬ ಹಾಡ್ತೀಯಾ? ಊರಿನ ಫೋಟೋ ಪ್ರದರ್ಶನದಲ್ಲಿ ಮೊದಲನೇದು ನಿಂದೇ! ಮೇ ಒಂದನೇ ತಾರೀಕು ಕಾರ್ಮಿಕರ ದಿನಕ್ಕೆ ವೇದಿಕೆ ಮೇಲೂ ನೀನೇ ಹಾಡ್ಬೇಕು."

ಹಾಡಿನ ಅಭ್ಯಾಸದಲ್ಲಿ ಅವಳ ಅಪಸ್ವರದ ಮೊದಲ ಸಾಲಿಗೇ ಅಕಾರ್ಡಿಯನ್ ವಾದ್ಯದ ಮುದುಕ ನುಡಿಸುವುದನ್ನು ನಿಲ್ಲಿಸಿದ.

"ಮಗಳೇ, ನೀನು ಬರೀ ಬಾಯಿ ತೆಗಿ. ಹಾಡೋದನ್ನ ಹಿಂದೆ ನಿಂತೋರು ನೋಡ್ಕೋತಾರೆ."

ಪೊಲಿಕ್ಸೆನಿ ನೇರವಾಗಿ ವಾಂಜೆಲ್‌ನ ಫೋಟೋ ಸ್ಟುಡಿಯೋಗೆ ನುಗ್ಗಿದಳು. ಕಣ್ಣಲ್ಲಿ ನೀರು.

"ಊರೆಲ್ಲ ನಗೋ ಹಾಗೆ ಮಾಡಿದ್ರಲ್ಲ! ನಾನೇನು ಮಾಡಿದ್ದೆ ನಿಮಗೆ?"

ವಾಂಜೆಲ್ ಬಿಳಿಚಿಕೊಂಡ.

"ಪಕ್ಷದವರು ಫಿಲ್ಮೆಲ್ಲ ತಪಾಸಣೆಗೆ ತಗೊಂಡ್ರು. ಈ ಹುಡುಗಿ ಯಾಕೆ ಬಾಯಿ ತೆಗೆದಿದಾಳೆ ಅಂತ ಗದರಿಸಿ ಕೇಳಿದ್ರು. ಹಾಡ್ತಿದಾಳೆ ಅಂದುಬಿಟ್ಟೆ... ನಂಬಿಬಿಡ್ತಾರೆ ಅಂತ ಯಾರಿಗೆ ಗೊತ್ತಿತ್ತು!"

"ಸುಳ್ಳು ಅಂತ ಗೊತ್ತಾಗಿದ್ರೆ?"

"ಶಿಕ್ಷೆ ಅಂತ ನನ್ನನ್ನ ಗಣಿ ಕೆಲಸಕ್ಕೆ ಕಳಿಸ್ತಿದ್ರು."

"ನನಗೋಸ್ಕರಾನಾ...?"

ಅವನು ತಲೆ ತಗ್ಗಿಸಿದ. ಅವಳ ಸಿಟ್ಟೆಲ್ಲ ಕರಗಿಹೋಯಿತು. ಅಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು!

ಮೇ ಒಂದರಂದು ಪೊಲಿಕ್ಸೆನಿ ಬಾಯಿ ತೆರೆದಳು, ಹಿಂದೆ ನಲವತ್ತು ಜನ ಹಾಡಿದರು. ಕಾರ್ಯದರ್ಶಿಯ ಕಣ್ಣು ತೇವವಾಯಿತು! ಮನೆಗೆ ಮರಳುವ ದಾರಿಯಲ್ಲಿ ವಾಂಜೆಲ್ ಅವಳ ಜೊತೆ ಹೆಜ್ಜೆ ಹಾಕಿದ. ಅಕ್ಕಪಕ್ಕ ನೋಡಿ ಪಿಸುಗುಟ್ಟಿದ.

"ನನ್ನನ್ನ ಮದುವೆ ಆಗ್ತೀಯಾ?"

"ನನಗಂತೂ ಒಪ್ಪಿಗೆ... ಆದ್ರೆ ಅಮ್ಮನ್ನ ಕೇಳ್ಬೇಕು. ಅವಳಿಗೆ ಕಿವಿ ಮಂದ, ಕೂಗಿ ಹೇಳ್ಬೇಕಾಗುತ್ತೆ. ನಮ್ಮ ಕಟ್ಟಡದ ಐದು ಮಹಡಿಯೋರಿಗೂ ಕೇಳ್ಸುತ್ತೆ ಕಣೋ!"

ಅವನು ಅವಳ ಕೈ ಹಿಡಿದುಕೊಂಡ.

"ಕೇಳಿಸ್ಲಿ ಬಿಡು. ಈ ದೇಶದಲ್ಲಿ ಜೋರಾಗಿ ಹೇಳಬಹುದಾದ ಮಾತು ನನ್ನ ಹತ್ರ ಇದೊಂದೇ ಇರೋದು."