ಓಡೋ ಮಾಮ ಕುಡಿಯದ ನೀರು

ಮೊದಲ ದಿನ ಅವರು ನಮ್ಮ ನೀರು ಕುಡಿಯಲಿಲ್ಲ. ಎರಡನೇ ದಿನವೂ ಕುಡಿಯಲಿಲ್ಲ. ಮೂರನೇ ದಿನದಿಂದ ನಾನು ಅವರನ್ನು ಕಾಯತೊಡಗಿದೆ. ಸಿಟ್ಟಿನಲ್ಲಿ ಕಾಯುತ್ತಿದ್ದೆ.

ಅದು ಐವತ್ತೆಂಟನೇ ಇಸವಿಯ ಬೇಸಿಗೆ. ಆಗ ಮೈಸೂರು ನಂಜುಮಳಿಗೆಯ ಹತ್ತಿರ ಮುಗಿದುಹೋಗುತ್ತಿತ್ತು. ಈಗ ಕುವೆಂಪುನಗರ ಎನ್ನುವ ಕಡೆಯೆಲ್ಲ ರಾಗಿ ಹೊಲ, ನಡುನಡುವೆ ಹೊಂಗೆ ಮರ. ದಟ್ಟಗಳ್ಳಿ ಎಂದರೆ ಹಳ್ಳಿ. ಅಲ್ಲಿಂದ ಹಾಲು, ಸೊಪ್ಪು ಹೊತ್ತು ಬರುವವರು ನಮ್ಮ ಮನೆ ಮುಟ್ಟುವ ಹೊತ್ತಿಗೆ ಸೊಪ್ಪಿಗಿಂತ ಹೆಚ್ಚು ಬಾಡಿರುತ್ತಿದ್ದರು. ಅಂಥವರಿಗೆಂದು ನಮ್ಮಪ್ಪ ಜವರಯ್ಯ ಯುಗಾದಿಯ ಮಾರನೇ ದಿನ ರಸ್ತೆ ಬದಿಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಅರವಟ್ಟಿಗೆ ಇಟ್ಟರು. ಒದ್ದೆ ಮರಳಿನ ಮೇಲೆ ಎರಡು ದೊಡ್ಡ ಮಡಕೆ, ಒಳಗೆ ಲಾವಂಚದ ಬೇರು, ಪಕ್ಕದಲ್ಲಿ ಹಿತ್ತಾಳೆ ಚೊಂಬು. ದಾರಿಹೋಕರು ಯಾರು ಬೇಕಾದರೂ ಕುಡಿದು ಹೋಗಬಹುದು.

ಅಪ್ಪ ಟಾಂಗಾ ಹೊಡೆಯುತ್ತಿದ್ದರು. ಅರವಟ್ಟಿಗೆ ಇಟ್ಟದ್ದು ನನ್ನ ಗಂಡ ಬಸವರಾಜು ಹೆಸರಿನಲ್ಲಿ. ಎರಡು ವರ್ಷದ ಹಿಂದೆ ಜ್ವರ ಬಂದು ಅವರು ಹೋದ ಮೇಲೆ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ನನಗೆ ಇಪ್ಪತ್ತಮೂರು, ಮಗಳು ಪ್ರೇಮಲೀಲಾಗೆ ಐದು, ಮಗ ಕೆಂಪನಿಗೆ ಮೂರು.

ಹನ್ನೊಂದರಿಂದ ನಾಲ್ಕರವರೆಗೆ ಚಪ್ಪರದ ಕೆಳಗೆ ನಮ್ಮ ಸಂಸಾರ. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೆಂಪ ಮಡಕೆಯ ಕೆಳಗಿನ ಒದ್ದೆ ಮರಳು ಬಗೆದು ತಲೆಗೆ ಹಾಕಿಕೊಳ್ಳುತ್ತಿದ್ದ. ಪ್ರೇಮಲೀಲಾ ಚೊಂಬು ತನ್ನದೇ ಎನ್ನುವಂತೆ ಹಿಡಿದುಕೊಂಡು, ದೂರದಲ್ಲಿ ಯಾರಾದರೂ ಕಂಡರೆ ಸಾಕು, ತುಂಬಿಸಿ ನಿಲ್ಲುತ್ತಿದ್ದಳು.

ಹನ್ನೆರಡೂಕಾಲಿಗೆ ಅವರು ಓಡುತ್ತ ಬರುತ್ತಿದ್ದರು. ಆ ಬಿಸಿಲಲ್ಲಿ ನಾಯಿಯೂ ರಸ್ತೆಗೆ ಇಳಿಯುತ್ತಿರಲಿಲ್ಲ. ಖಾಕಿ ಚಡ್ಡಿ, ಬನಿಯನ್ನು, ಕ್ಯಾನ್ವಾಸ್ ಬೂಟು. ಬೆವರಿಗೆ ಮೈಗಂಟಿದ ಬನಿಯನ್ನಿನೊಳಗೆ ಜನಿವಾರದ ಎಳೆ ಎಣಿಸುವಷ್ಟು ಸ್ಪಷ್ಟ. ಮೊದಲ ದಿನ ಪ್ರೇಮಲೀಲಾ ಎರಡೂ ಕೈಯಲ್ಲಿ ಚೊಂಬು ಎತ್ತಿಕೊಂಡು ಅಡ್ಡ ಹೋದಳು. ಅವರು ಬೇಡವೆಂದು ತಲೆಯಾಡಿಸಿ, ಒಂದು ಮಾತೂ ಆಡದೆ, ಅವಳನ್ನು ಬಳಸಿಕೊಂಡು ಓಡಿಬಿಟ್ಟರು. ಮಗು ತುಂಬಿದ ಚೊಂಬಿನೊಂದಿಗೆ ಬಿಸಿಲಲ್ಲೇ ನಿಂತಿತು.

ಪಕ್ಕದ ಮನೆಯ ತಿಮ್ಮಮ್ಮ ಜಗುಲಿಯಿಂದ ಎಲ್ಲ ನೋಡಿದ್ದಳು. "ಅಗ್ರಾರದ ಐನೋರು ಕಣವ್ವ. ನಮ್ಮ ಕೈ ನೀರು ಕುಡುದಾರಾ?" ಎಂದಳು.

ನನಗೂ ಹಾಗೇ ಅನ್ನಿಸಿತ್ತು. ನನ್ನನ್ನು ಹಳಿದಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಆ ನೀರು ತೀರಿಕೊಂಡವರ ಹೆಸರಿನದು.

ದಿನವೂ ಅದೇ ಕಥೆ. ಚಪ್ಪರ ಹತ್ತಿರವಾದಂತೆ ಅವರ ಓಟ ಸ್ವಲ್ಪ ನಿಧಾನವಾಗುತ್ತಿತ್ತು. ಮಡಕೆಯನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಗಂಟಲು ಒಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ನಾನು ಮೊರದ ಕಡೆ ಮುಖ ತಿರುಗಿಸುತ್ತಿದ್ದೆ. ಮಕ್ಕಳಿಗೆ ಮಾತ್ರ ಸಿಟ್ಟು ಒಂದೇ ದಿನಕ್ಕೆ ಇಳಿದಿತ್ತು. ಅವರಿಗೆ "ಓಡೋ ಮಾಮ" ಎಂದು ಹೆಸರಿಟ್ಟು, ಹುಣಸೆ ಮರದ ತನಕ ಹಿಂದೆ ಹಿಂದೆ ಓಡಿ ಬರುತ್ತಿದ್ದವು.

ಹತ್ತು ದಿನ ಕಳೆದಿರಬೇಕು. ಹಾಗೆ ಓಡುತ್ತ ಕೆಂಪ ಜಲ್ಲಿಯ ಮೇಲೆ ಬಿದ್ದು ಮಂಡಿ ತರಚಿಕೊಂಡ. ಅವರು ತಿರುಗಿ ನೋಡಿದರು, ವಾಪಸ್ ಬಂದರು, ಅವನನ್ನು ಎತ್ತಿಕೊಂಡು ಚಪ್ಪರದ ತನಕ ತಂದು ನನ್ನ ಮುಂದೆ ಇಳಿಸಿದರು. ಆಗಲೂ ತುಟಿ ಬಿಚ್ಚಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಗೂನ ಮುಟ್ಟಬೌದು, ಮಗೂನ ತಾಯಿ ಕೊಟ್ಟ ನೀರು ಮುಟ್ಟಬಾರದು. ಚೆನ್ನಾಗದೆ ನಿಮ್ಮ ಮಡಿ."

ಅವರ ಕಣ್ಣು ಅಗಲವಾಯಿತು. ಬಾಯೊಳಗೆ ಬೆರಳು ಹಾಕಿ ಏನನ್ನೋ ತೆಗೆದು ಅಂಗೈಯಲ್ಲಿ ತೋರಿಸಿದರು.

"ಮಡಿ ಅಲ್ಲ ಕಣ್ರೀ, ನೆಲ್ಲಿಕಾಯಿ."

ನಿಜಕ್ಕೂ ಒಣಗಿಸಿದ ನೆಲ್ಲಿಕಾಯಿಯೇ. ಹೆಸರು ಬಿಂದುಮಾಧವ, ಅಗ್ರಹಾರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಬೇಸಿಗೆಯಲ್ಲಿ ಬೆಳಗಿನ ಶಾಲೆ, ಅದು ಬಿಟ್ಟ ಮೇಲೆ ಓಡಲು ಸಿಗುವುದು ಮಧ್ಯಾಹ್ನವೇ. ತಿಂಗಳ ಕೊನೆಗೆ ದೊಡ್ಡಕೆರೆ ಮೈದಾನದಿಂದ ದಟ್ಟಗಳ್ಳಿಗೆ ಹೋಗಿ ಬರುವ ಪಂದ್ಯವಿತ್ತು. ಅದಕ್ಕೆ ಇವರನ್ನು ತಯಾರು ಮಾಡುತ್ತಿದ್ದವರು ಪಿಂಚಣಿ ತೆಗೆದುಕೊಂಡ ಸುಬೇದಾರ್ ರುದ್ರಸ್ವಾಮಿ. ಓಡುವಾಗ ಮಾತಾಡಬಾರದು, ನೀರಂತೂ ಮುಟ್ಟಲೇಬಾರದು, ನೀರು ಹೊಟ್ಟೆಗೆ ಹೋದರೆ ಕಾಲು ಹೋಯಿತು ಎಂದು ಸುಬೇದಾರರ ಕಟ್ಟಪ್ಪಣೆ. ನೆಲ್ಲಿಕಾಯಿ ಬಾಯಿ ಒಣಗದಿರಲಿ ಎಂದು.

ಇಷ್ಟನ್ನೂ ಏದುಸಿರಿನಲ್ಲಿ ಒಪ್ಪಿಸಿದರು, ಪಾಠ ತಪ್ಪಿದ ಹುಡುಗನ ಹಾಗೆ.

"ಓಡೋವಾಗ ಕುಡೀಬಾರದು, ಸರಿ. ಓಡದೆ ಇರೋವಾಗ?" ಎಂದೆ.

"ಆಗ ಬರ್ತೀನಿ" ಎಂದು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡು ಹೊರಟರು.

ಅವತ್ತು ಸಂಜೆಯೇ ಸೈಕಲ್ ತುಳಿದುಕೊಂಡು ಬಂದರು. ಮೂರು ಚೊಂಬು ನೀರು, ಎತ್ತಿ ಗಟಗಟ ಕುಡಿದರು. ಗಂಟಲಿನಲ್ಲಿ ನೀರು ಇಳಿಯುವುದು ಕಾಣುತ್ತಿತ್ತು. ನಾನು ಬೇರೆ ಕಡೆ ನೋಡಬೇಕಾಗಿತ್ತು. ನೋಡಲಿಲ್ಲ.

ಆಮೇಲೆ ಸಂಜೆಗಳೇ ಬೇರೆಯಾದವು. ಬಂದವರು ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿಕೊಡುತ್ತಿದ್ದರು. ಪ್ರೇಮಲೀಲಾ ಲೆಫ್ಟ್ ಎಂದರೆ ಬಲಗಾಲು ಎತ್ತುತ್ತಿದ್ದಳು, ಕೆಂಪ ಎರಡೂ ಕಾಲು ಒಟ್ಟಿಗೆ ಎತ್ತಿ ಬೀಳುತ್ತಿದ್ದ. ಕುದುರೆಗೆ ಹುರುಳಿ ಇಡುತ್ತಿದ್ದ ಅಪ್ಪ ನಗು ಬಾರದವರಂತೆ ಅದರ ಕಡೆಯೇ ನೋಡುತ್ತಿದ್ದರು.

ಮಧ್ಯಾಹ್ನ ಮಾತ್ರ ಮಾತಿಲ್ಲ. ಅವರು ದೂರದಲ್ಲಿ ಕಂಡಾಗ ನಾನು ಚೊಂಬನ್ನು ಒಂದಿಷ್ಟು ಮೇಲೆತ್ತಿ, ಬೇಕೇ ಎನ್ನುವಂತೆ ನೋಡುತ್ತಿದ್ದೆ. ಅವರು ಬೇಡವೆಂದು ತಲೆಯಾಡಿಸಿ ನಗುತ್ತಿದ್ದರು. ನೆಲ್ಲಿಕಾಯಿ ಇದ್ದ ಕೆನ್ನೆ ಉಬ್ಬಿ, ಇನ್ನೊಂದು ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಓರೆ ನಗುವನ್ನು ನಾನು ಅಕ್ಕಿಯ ಜೊತೆ ಸಂಜೆಯ ತನಕ ಆರಿಸುತ್ತ ಕೂರುತ್ತಿದ್ದೆ.

ಬೀದಿಗೂ ಕಣ್ಣಿರುತ್ತದೆ. "ದಿನಾ ಸಂಜೆ ಬತ್ತಾರಲ್ಲ, ಅಗ್ರಾರದಲ್ಲಿ ಬಾವಿ ಬತ್ತೋಯ್ತೇನವ್ವ?" ಎಂದು ತಿಮ್ಮಮ್ಮ ನನ್ನನ್ನು ಕೇಳದೆ ನಮ್ಮ ಹಸುವನ್ನು ಕೇಳಿದಳು. ಅಪ್ಪನಿಗೂ ಕೇಳಿಸಿರಬೇಕು. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ ಹೇಳಿದರು:

"ಆ ಮೇಷ್ಟ್ರು ಒಳ್ಳೇವ್ರು ಕಣ್ ಮಗ. ಅದೇ ತೊಂದರೆ. ಕೆಟ್ಟೋನಾಗಿದ್ರೆ ಇಷ್ಟೊತ್ಗೆ ಓಡಿಸಿಬುಟ್ಟಿರ್ತಿದ್ದೆ."

ಪಂದ್ಯಕ್ಕೆ ಎರಡು ದಿನವಿತ್ತು. ಸಂಜೆ ಕೆಂಪ ಅವರ ಹೆಗಲ ಮೇಲೆಯೇ ನಿದ್ದೆ ಹೋಗಿದ್ದ. ಅವನ ಜೊಲ್ಲು ಅವರ ಅಂಗಿಯನ್ನು ನೆನೆಸುತ್ತಿತ್ತು. ಅವರು ಅದನ್ನು ಒರೆಸದೆ, ನನ್ನ ಕಡೆ ನೋಡದೆ ಕೇಳಿದರು:

"ಅಂಬುಜಮ್ಮ, ಈ ಮಕ್ಕಳಿಗೆ ನಾನು ಮಾಮನಾಗೇ ಇರಬೇಕಾ?"

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಬರಲಿ ಎಂದೂ ಇತ್ತು. ಆದರೂ ಬಂದಾಗ ಎದೆಯಲ್ಲಿ ಮಡಕೆ ಬಿರಿದಂತಾಯಿತು. ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ.

"ಇವುಗಳ ತಂದೆಗೆ ಜ್ವರ ಬಂದಾಗ ನೀರು ಕೊಟ್ಟರೆ ಸನ್ನಿಗೆ ತಿರುಗುತ್ತೆ ಅಂದ್ರು ಪಂಡಿತರು. ಹಿರಿಯರೂ ಹೌದು ಅಂದ್ರು. ಮೂರು ದಿನ ನೀರು, ನೀರು ಅಂದ್ರು ಅವರು. ನಾನು ತುಟಿಗೆ ಒದ್ದೆ ಬಟ್ಟೆ ಒತ್ತಿದೆ, ಅಷ್ಟೆ. ತಿಳಿದೋರ ಮಾತು ಮೀರಬಾರದು ಅಂದ್ಕೊಂಡಿದ್ದೆ. ಈಗ ಡಾಕ್ಟರು ಕೊಡಬೇಕಾಗಿತ್ತು ಅಂತಾರೆ."

ಅವರು ಕೆಂಪನನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.

"ನೀವೂ ತಿಳಿದೋರ ಮಾತು ಕೇಳ್ಕೊಂಡು ಬಾಯಾರಿ ಓಡ್ತೀರಿ. ಸಂಜೆ, ನಿಮ್ಮೋರು ಯಾರೂ ಇಲ್ಲದ ಹೊತ್ತು ಬಂದು ಕುಡೀತೀರಿ. ಮಟಮಟ ಮಧ್ಯಾಹ್ನ, ನಿಮ್ಮ ಬೀದಿಯೋರೆಲ್ಲ ನಿಂತಿರೋವಾಗ ನನ್ನ ಕೈ ನೀರು ನಿಮಗೆ ಬೇಕಾಗುತ್ತಾ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ."

ಮಗುವನ್ನು ನನ್ನ ತೋಳಿಗೆ ಕೊಟ್ಟು ಹೊರಟುಹೋದರು. ಮಾರನೇ ದಿನ ಸಂಜೆ ಬರಲಿಲ್ಲ. ಪ್ರೇಮಲೀಲಾ ಬಾಗಿಲಲ್ಲೇ ಕಾದು, ಊಟ ಮಾಡದೆ ಮಲಗಿದಳು.

ಪಂದ್ಯ ಭಾನುವಾರ ಒಂಬತ್ತಕ್ಕೆ ಶುರುವಾಗಬೇಕಿತ್ತು. ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದಕ್ಕೆ. ಹೀಗಾಗಿ ಓಡುವವರಿಗೆ ಸುಡುವ ಬಿಸಿಲೇ ಸಿಕ್ಕಿತು. ರಸ್ತೆಯ ಎರಡೂ ಕಡೆ ಜನ. ಎದುರಿನ ಹೊಂಗೆ ಮರದ ಕೆಳಗೆ ಅಗ್ರಹಾರದವರು ಕೊಡೆ ಹಿಡಿದು ನಿಂತಿದ್ದರು, ಮಧ್ಯದಲ್ಲಿ ಮೇಷ್ಟ್ರ ತಾಯಿ ಚೂಡಾಮಣಿಯವರು. ದಟ್ಟಗಳ್ಳಿಯ ಕಡೆ ಓಡುವಾಗ ಮೇಷ್ಟ್ರು ನಮ್ಮ ಚಪ್ಪರದ ಕಡೆ ತಿರುಗಲಿಲ್ಲ. ಬರುವಾಗಲೂ ಚೊಂಬು ಎತ್ತಬಾರದೆಂದು ನಾನು ಗಟ್ಟಿ ಮಾಡಿಕೊಂಡೆ. ಒಬ್ಬರ ಗೆಲುವಿಗೆ ಅಡ್ಡ ನಿಂತು ಉತ್ತರ ಪಡೆಯುವುದು ನನಗೆ ಬೇಡವಾಗಿತ್ತು. ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡೆ.

ವಾಪಸ್ ಬರುವಾಗ ಅವರೇ ಮುಂದಿದ್ದರು. ನೂರು ಗಜ ಹಿಂದೆ ಒಬ್ಬ ಗಿರಣಿಯ ಯುವಕ. ಹತ್ತಿರ ಬಂದಾಗ ನೋಡಿದೆ, ಮುಖದಲ್ಲಿ ಒಂದು ಹನಿ ಬೆವರಿಲ್ಲ. ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಥ ಮುಖವನ್ನು ನಾನು ಹಾಸಿಗೆಯ ಮೇಲೆ ಮೂರು ದಿನ ಕಂಡಿದ್ದೆ. ಯಾವಾಗ ಎದ್ದೆನೋ, ಯಾವಾಗ ಚೊಂಬು ಅದ್ದಿದೆನೋ ತಿಳಿಯದು. ಆದರೆ ನಾನು ಎತ್ತುವ ಮೊದಲೇ ಅವರು ರಸ್ತೆ ಬಿಟ್ಟು ನೇರ ಚಪ್ಪರದ ಕಡೆ ಬಂದರು.

ನೆಲ್ಲಿಕಾಯಿ ಉಗುಳಿದರು. ಊರಿನ ಎದುರಿಗೆ, ತಾಯಿಯ ಎದುರಿಗೆ, ಬೊಗಸೆಯೊಡ್ಡಿ ನಿಂತರು.

"ನೀರು ಹಾಕು, ಅಂಬುಜ."

ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಸುಬೇದಾರರು ಸೀಟಿ ಊದಿದರು, ನಿಲ್ಲಬೇಡವೆಂದು ಇಂಗ್ಲಿಷಿನಲ್ಲಿ ಕೂಗಿದರು, ಬೈದರು. ನಾನು ಹಾಕಿದೆ. ಬೊಗಸೆ ತುಂಬಿ ನೀರು ಅವರ ಮೊಣಕೈಯಿಂದ ಸುರಿಯಿತು. ಎರಡನೇ ಚೊಂಬು ಹಾಕುವಾಗ ಗಿರಣಿಯ ಯುವಕ ದಾಟಿಕೊಂಡು ಹೋದ. ಅವರು ಆ ಕಡೆ ನೋಡಲೇ ಇಲ್ಲ. ಮೂರನೆಯದನ್ನು ಕಸಿದು ತಲೆಯ ಮೇಲೆ ಸುರಿದುಕೊಂಡರು.

"ಈಗ ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು. ಓಡಿ."

ಓಡಿದರು. ಹಿಂದೆ ಪ್ರೇಮಲೀಲಾ ಓಡಿದಳು. ಹೊಂಗೆ ಮರದ ಕೆಳಗಿನ ಕೊಡೆಗಳು ಏನು ಮಾಡಿದವೋ ನಾನು ನೋಡಲಿಲ್ಲ. ಕೆಂಪ ಆ ಉಗುಳಿದ ನೆಲ್ಲಿಕಾಯಿ ಎತ್ತಿ ಬಾಯಿಗೆ ಹಾಕಿಕೊಂಡಿದ್ದ, ಅವನ ಗಂಟಲಿಗೆ ಬೆರಳು ಹಾಕಿ ತೆಗೆಯುವುದರಲ್ಲಿ ನಾನಿದ್ದೆ. ಮಕ್ಕಳ ತಾಯಿಗೆ ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತು ಸಿಗುವುದಿಲ್ಲ.

ಅವರು ಎರಡನೆಯವರಾಗಿ ಬಂದರು. ಸಾಯುವ ತನಕ ಸುಬೇದಾರರು ನೀರಿನಿಂದ ಸೋತ ಎಂದರು. ನೀರಿಲ್ಲದಿದ್ದರೆ ಮೈದಾನ ಮುಟ್ಟುವ ಮೊದಲೇ ಬೀಳುತ್ತಿದ್ದೆ ಎಂದು ಇವರು. ಮದುವೆಯ ದಿನ ಇಬ್ಬರೂ ಅದೇ ವಾದ ಮಾಡುತ್ತ ಕೂತಿದ್ದರು.

ಮದುವೆ ಆಷಾಢದಲ್ಲಿ, ರಿಜಿಸ್ಟ್ರಾರ್ ಆಫೀಸಿನಲ್ಲಿ. ಮುಹೂರ್ತ ಇಟ್ಟುಕೊಡುವವರು ಯಾರೂ ಇಲ್ಲದಿದ್ದಾಗ ತಿಂಗಳು ಯಾವುದಾದರೇನು. ಅಪ್ಪ ಕುದುರೆಗೆ ಹೂವಿನ ಹಾರ ಹಾಕಿ ಟಾಂಗಾದಲ್ಲಿ ಕರೆದುಕೊಂಡು ಹೋದರು. ಚೂಡಾಮಣಿಯವರು ನಮ್ಮ ಮನೆಗೆ ಬರಲು ಆರು ಬೇಸಿಗೆ ಬೇಕಾಯಿತು. ಬಂದಾಗ ಒಳಗೆ ಬಾರದೆ ಚಪ್ಪರದ ಕೆಳಗೇ ಕೂತು, ಬಿಸಿಲು ಜಾಸ್ತಿ ಎಂದರು. ಪ್ರೇಮಲೀಲಾ ಏನೂ ಕೇಳದೆ ಚೊಂಬು ತುಂಬಿಸಿ ಕೊಟ್ಟಳು. ಕುಡಿದರು.

ಯುಗಾದಿಯ ಮಾರನೇ ದಿನ ಈಗಲೂ ನಮ್ಮ ಮನೆ ಮುಂದೆ ಮಡಕೆ ಇಡುತ್ತೇವೆ. ಹೊಲ ಹೋಗಿ ಮನೆಗಳಾದವು, ಸ್ಕೂಟರಿನವರು ನಿಂತು ಕುಡಿಯುತ್ತಾರೆ. ಬೆಳಿಗ್ಗೆ ನೀರು ತಂದು ತುಂಬಿಸುವವರು ಇವರೇ. ಮೊದಲ ಕೊಡ ಸುರಿಯುವಾಗ "ಬಸವರಾಜು ಹೆಸರಲ್ಲಿ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಹೇಳಿ ಎಂದು ನಾನು ಯಾವತ್ತೂ ಕೇಳಿದವಳಲ್ಲ.

ಹನ್ನೆರಡೂಕಾಲಿಗೆ ಒಳಗಿನಿಂದ ಎದ್ದು ಬರುತ್ತಾರೆ. ಕಾಲು ಈಗ ಎಳೆಯುತ್ತದೆ. ಬಂದು ಬೊಗಸೆಯೊಡ್ಡಿ ನಿಲ್ಲುತ್ತಾರೆ. ಚೊಂಬು ಪಕ್ಕದಲ್ಲೇ ಇದೆಯಲ್ಲ, ತೆಗೆದುಕೊಳ್ಳಬಾರದೇ ಎಂದರೆ, ಬಾಯಲ್ಲಿ ಏನೂ ಇಲ್ಲದಿದ್ದರೂ ಒಂದು ಕೆನ್ನೆ ಉಬ್ಬಿಸಿ, ಆಗುವುದಿಲ್ಲವೆಂದು ತಲೆಯಾಡಿಸುತ್ತಾರೆ.

ನಾನು ಮೊರ ಕೆಳಗಿಟ್ಟು ಏಳುತ್ತೇನೆ.