ಹಿಂದೆ ನಡೆಯುವ ನಾಯಕಿ

ಮುಖಪುಟದ ಚಿತ್ರ ಕಂಡದ್ದೇ ತಡ, ಲೇಖಕಿಯ ಪಿತ್ತ ನೆತ್ತಿಗೇರಿತು.

ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದ ಕಾದಂಬರಿ ಅದು. ಪಟ್ಟಣವೊಂದು ಕುಸಿಯುತ್ತದೆ. ನೀರು ನಿಲ್ಲುತ್ತದೆ, ಬೆಳಕು ಹೋಗುತ್ತದೆ, ಆಳುವವರು ಹೇಳದೆ ಕೇಳದೆ ಓಡಿಹೋಗುತ್ತಾರೆ. ಉಳಿದ ಜನರನ್ನು ಒಬ್ಬ ಸೂಲಗಿತ್ತಿ ನಡೆಸಿಕೊಂಡು ಹೊರಡುತ್ತಾಳೆ. ಚಿತ್ರದಲ್ಲಿ ಆ ಸೂಲಗಿತ್ತಿ ಎಲ್ಲರಿಗಿಂತ ಮುಂದೆ, ಪಂಜು ಎತ್ತಿ ಹಿಡಿದು ನಿಂತಿದ್ದಳು. ಸಾಲದ್ದಕ್ಕೆ ಅವಳ ಮೂಗು ಲೇಖಕಿಯದೇ.

"ಚೆನ್ನಾಗೇ ಇದೆಯಲ್ಲಮ್ಮ. ಸಂಜೆ ಪ್ರಿಂಟಿಗೆ ಕಳಿಸ್ತೀನಿ" ಎಂದರು ಪ್ರಕಾಶಕರು. ಅವರು ಅವಳ ಸೋದರಮಾವ.

"ಈ ಚಿತ್ರ ಹಾಕಿದ್ರೆ ನನ್ನ ಪುಸ್ತಕ ಸತ್ತ ಹಾಗೇ ಮಾವ" ಎಂದವಳೇ ಅದನ್ನು ಕಂಕುಳಲ್ಲಿ ಇರುಕಿಕೊಂಡು ಚಿತ್ರಕಾರನ ಮಹಡಿ ಹತ್ತಿದಳು.

ಅವನು ಕುಂಚ ತೊಳೆಯುತ್ತಿದ್ದ. ಹಸ್ತಪ್ರತಿ ಓದುವ ಪದ್ಧತಿ ಅವನದಲ್ಲ. ಬರೆದವರ ಬಾಯಿಂದಲೇ ಕಥೆ ಕೇಳಿ ಚಿತ್ರ ಬಿಡಿಸುವವನು. ಹೋದ ವಾರ ಅವಳೂ ಇಲ್ಲೇ ನಿಂತು ಹೇಳಿದ್ದಳು.

"ನಾಯಕಿ ಎಲ್ಲರಿಗಿಂತ ಹಿಂದೆ ನಡೀತಾಳೆ ಅಂತ ಬಾಯಿ ನೋಯೋ ಹಾಗೆ ಹೇಳಿದ್ದೆ. ಕಿವಿ ಎಲ್ಲಿಟ್ಟಿದ್ರಿ?"

ಅವನು ತಲೆ ಕೆರೆದುಕೊಂಡ. "ನೀವು ಹೇಳ್ತಾ ಹೇಳ್ತಾ ಎದ್ದು, ಕೈ ಎತ್ತಿ, ಈ ಗೋಡೆಯಿಂದ ಆ ಗೋಡೆಗೆ ನಡೆದ್ರಿ. ನೋಡ್ತಾ ಕೂತೆ. ಕೇಳೋದು ಮರ್ತುಹೋಯ್ತು."

ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅವನ ನೋಟ ಒಂದು ಗಳಿಗೆ ಅವಳ ಮುಖದ ಮೇಲೆ ಕೂತು, ಕದ್ದವನ ಹಾಗೆ ಬಣ್ಣದ ಡಬ್ಬಿಗೆ ಜಾರಿತು.

"ಹಾಗಾದ್ರೆ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಇನ್ನೊಂದ್ಸಲ ಹೇಳ್ತೀನಿ."

ಅವನು ತೆಪ್ಪಗೆ ಕುರ್ಚಿ ತಿರುಗಿಸಿದ. ಅವಳು ಅವನ ಬೆನ್ನಿಗೆ ಕಥೆ ಹೇಳಿದಳು. ಅಂಗಿಯ ಕಾಲರಿಗೆ ಹಳದಿ ಬಣ್ಣ ಮೆತ್ತಿತ್ತು. ಒರೆಸಲು ಕೈ ತುರಿಸಿತು. ಮುಖ ಕಾಣದಿರುವುದು ಇಷ್ಟು ಕಾಡಬಹುದೆಂದು ಅವಳು ಎಣಿಸಿರಲಿಲ್ಲ.

"ಪಂಜೂ ಇಲ್ವಾ ಅವಳ ಕೈಲಿ?"

"ಪಂಜು ಹಿಡಿಯೋಕೆ ಯಾವ ಬೆಪ್ಪನಿಗೂ ಬರುತ್ತೆ. ಬಿದ್ದೋರನ್ನ ಎತ್ತೋಕೆ ಖಾಲಿ ಕೈ ಬೇಕು."

"ಹಿಂದೆ ನಡೆಯೋಳನ್ನ ಯಾರು ನೋಡ್ತಾರೆ?"

"ನಡೆಯೋಕಾಗದೆ ಕೂತೋರು ನೋಡ್ತಾರೆ. ನಾಯಕಿ ಬೇಕಾಗಿರೋದು ಅವರಿಗೇ. ಮುಂದೆ ಓಡೋರಿಗೆ ಕಾಲಿದೆ."

ಅವನು ನಕ್ಕ, ಬೆನ್ನು ಅಲುಗಿತು. ಹೊಸ ಹಾಳೆ ಎಳೆದುಕೊಂಡ.

ಹೊತ್ತು ಇಳಿಯುವಷ್ಟರಲ್ಲಿ ಚಿತ್ರ ಮುಗಿಯಿತು. ಹಾಳೆಯ ತುಂಬ ಹೊರಟವರ ಬೆನ್ನುಗಳು. ಎಲ್ಲರ ಹಿಂದೆ ಸೂಲಗಿತ್ತಿ, ಬರಿಗೈ. ಆದರೆ ಗುಂಪಿನಲ್ಲಿ ಒಬ್ಬ ಗಂಡಸು ನಿಂತು, ಹಿಂತಿರುಗಿ, ಅವಳು ಬಂದಳೋ ಇಲ್ಲವೋ ಎಂದು ನೋಡುತ್ತಿದ್ದ.

"ಇವನ್ಯಾರು? ನನ್ನ ಕಾದಂಬರೀಲಿ ಇವನಿಲ್ಲ."

"ಎಲ್ಲರನ್ನೂ ಅವಳು ಎತ್ತುತ್ತಾಳೆ. ಅವಳೇ ಬಿದ್ರೆ ಎತ್ತೋರು ಯಾರು ಅಂತ ನೀವು ಬರೆದಿಲ್ಲ." ಈ ಸಲ ಅವನ ಕಣ್ಣು ಎಲ್ಲಿಗೂ ಜಾರಲಿಲ್ಲ. "ಜಾಗ ಖಾಲಿ ಇತ್ತು. ನಾನು ನಿಂತ್ಕೊಂಡೆ."

ಅವಳು ಚಿತ್ರವನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಅವನ ಮುಂಗೈ ಹಿಡಿದುಕೊಂಡೇ ಮಾವನಿಗೆ ಫೋನ್ ಮಾಡಿದಳು.

"ಮಾವ, ಪ್ರಿಂಟ್ ನಿಲ್ಲಿಸಿ. ಇನ್ನೊಂದು ಅಧ್ಯಾಯ ಬರೀಬೇಕು."

"ಈಗಲಾ? ಯಾಕಮ್ಮ, ಇನ್ನೂ ಯಾರನ್ನಾದ್ರೂ ಸಾಯಿಸ್ಬೇಕಾ?"

"ಇಲ್ಲ ಮಾವ. ಒಬ್ಬ ಹೊಸದಾಗಿ ಬಂದಿದ್ದಾನೆ. ಬಿಟ್ಟು ಹೋಗೋ ಹಾಗಿಲ್ಲ."